ತಂಪು ಮೀನು

ಬಡಗಿಯ ಅಂಗಡಿಯಲ್ಲಿ ಹಸಿ ಕಟ್ಟಿಗೆ ಹೊಟ್ಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಸವದತ್ತಿ ಡ್ಯಾಮಿನ ದಂಡೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಗಾಳ ಹಾಕಿ ಮೀನು ಹಿಡಿಯುವ ಪಂದ್ಯವದು. ಹೆಚ್ಚು ತೂಗುವ ಮೀನಿಗೆ ಬಹುಮಾನ. ಬೇಸಿಗೆಯ ನೀರು ಕಾಲಿಗೆ ಬೆಚ್ಚಗಿತ್ತು. ಅಪ್ಪನಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. "ಹೊಟ್ಟಿ ಒತ್ತಿ ನೋಡ್ರಿ, ಕಲ್ಲ ತುಂಬಿರ್ತಾರ," ಎಂದು ತೂಕ ಮಾಡುವವರಿಗೆ ಹೇಳುತ್ತಲೇ ಇದ್ದ.

ಕಡೆಗೆ ಅಪ್ಪನ ಕಟ್ಲಾ ತಕ್ಕಡಿಗೇರಿತು. ಎಲ್ಲರದಕ್ಕಿಂತ ಭಾರ. "ಈಗ ಹಿಡದ ಮೀನ್ರಿ ಇದು," ಅಂದ. ನಾನು ಖುಷಿಯಿಂದ ಅದರ ಮೈ ಸವರಿದೆ. ಕಿವಿರಿನ ಅಂಚಿಗೆ ಕಟ್ಟಿಗೆ ಹೊಟ್ಟು ಮೆತ್ತಿತ್ತು. ಐಸ್ ಕರಗದಂತೆ ಸುತ್ತಲೂ ಹಾಕುತ್ತಾರಲ್ಲ, ಅಂಥದು.

"ಅಪ್ಪಾ, ಎಷ್ಟ್ ತಂಪ್ ಐತಿ ಇದು!"

ತೂಕದವರು ತಲೆಯೆತ್ತಿದರು. ಅಪ್ಪ ಲಗೂನ ನನ್ನ ಕೈ ಹಿಡಿದು ಎಳೆದ. ಆ ಸುಡುಬಿಸಿಲಿನಲ್ಲಿ ಅವನ ಕೈ ಮೀನಿಗಿಂತ ತಣ್ಣಗಿತ್ತು.