ಎಂಟು ಕಿಲೋ ಕಲ್ಲು

ಶಾಲೆಯ ಚಾರಣ ಸಂಘಕ್ಕೆ ಪ್ರತಿ ಭಾನುವಾರ ಬೆಟ್ಟ ಹತ್ತುವ ತಾಲೀಮು. ಬುಡದಲ್ಲಿ ಮೇಷ್ಟ್ರು ಒಬ್ಬೊಬ್ಬಳ ಬೆನ್ನುಚೀಲಕ್ಕೂ ಎಂಟು ಕಿಲೋ ಕಲ್ಲು ತೂಗಿ ತುಂಬಿಸುತ್ತಿದ್ದರು. ತುದಿಯಲ್ಲಿ ಅದನ್ನು ಸುರಿದುಬಿಟ್ಟರಾಯಿತು, ಅಲ್ಲಿ ತೂಗುವವರಿರಲಿಲ್ಲ. ಹುಡುಗಿಯರು ಇಬ್ಬಿಬ್ಬರಾಗಿ ಜೋಡಿ. ಜೋಡಿಯಲ್ಲಿ ಮುಂದಾದವಳಿಗೆ ಮಾತ್ರ ಹಿಮಾಲಯ ಯಾತ್ರೆ.

ಶಾಂಭವಿಯ ಜೋಡಿ ಪುಟ್ಟತಾಯಿ. ಅರ್ಧ ದಾರಿಯಲ್ಲಿ ಅವಳು ಚೀಲ ಕೆಳಗಿಟ್ಟು ಇಬ್ಬರಿಗೂ ನೀರು ತರಲು ಹೊಂಡಕ್ಕೆ ಇಳಿದಾಗಲೆಲ್ಲ, ಶಾಂಭವಿ ತನ್ನ ಎರಡು ಕಲ್ಲುಗಳನ್ನು ಅವಳ ಚೀಲದೊಳಗೆ ಸೇರಿಸಿಬಿಡುತ್ತಿದ್ದಳು. ತುದಿಯಲ್ಲಿ ಪುಟ್ಟತಾಯಿ ತನ್ನ ಡಬ್ಬಿಯ ಚಿತ್ರಾನ್ನವನ್ನು ಮುಂದೆ ಮಾಡಿದರೆ ಶಾಂಭವಿ ಹಸಿವಿಲ್ಲವೆಂದು ಸರಿಸಿಬಿಡುತ್ತಿದ್ದಳು. ಆದರೂ ಮರುವಾರ ಕೈ ಮತ್ತೆ ಕಲ್ಲಿಗೇ ಹೋಗುತ್ತಿತ್ತು.

ಎರಡು ತಿಂಗಳ ಬಳಿಕ ಮೇಷ್ಟ್ರು ಶಾಂಭವಿಯ ಹೆಸರು ಕೂಗಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಪುಟ್ಟತಾಯಿ.

"ಲೇ, ಹಿಮ ನೋಡ್ಕೊಂಡು ನನ್ನ ಮರೆತ್ಬಿಟ್ಟೀಯ, ಜೋಕೆ!"

ಶಾಂಭವಿ ನಾಚಿಕೆಯಿಂದ ಹಿಡಿಯಷ್ಟಾದಳು. ಅವಳನ್ನು ಪಕ್ಕಕ್ಕೆ ಕರೆದು, ನೆಲ ನೋಡುತ್ತಲೇ ನುಡಿದಳು: "ಪ್ರತಿ ವಾರ ನನ್ನ ಕಲ್ಲು ನಿನ್ನ ಚೀಲಕ್ಕೆ ಹಾಕ್ತಿದ್ದೆ ಕಣೇ. ಈಗ್ಲೇ ಮೇಷ್ಟ್ರಿಗೆ ಹೇಳ್ತೀನಿ."

"ಗೊತ್ತು ಬಿಡೇ."

"ಗೊತ್ತಿತ್ತಾ? ಮತ್ತೆ ಯಾಕೆ ಸುಮ್ನಿದ್ದೆ?"

"ಮೊದಲ್ನೇ ವಾರ ನಿಂಗೆ ಉಸಿರಾಡೋಕೇ ಆಗ್ತಿರ್ಲಿಲ್ಲ. ಬಾಯಿಬಿಟ್ಟು ಕೇಳೋಕೆ ಸಂಕೋಚ ಅನ್ಕೊಂಡೆ," ಎಂದಳು ಪುಟ್ಟತಾಯಿ. "ಅದಕ್ಕೇ ಆಮೇಲಿಂದ ಚೀಲದ ದಾರ ಬಿಚ್ಚಿಟ್ಟೇ ಹೋಗ್ತಿದ್ದೆ."