ಹನ್ನೊಂದನೆಯ ಮನೆ

"ಮನ್ಯಾಗ ತತ್ತಿ ಬೇಸೋದಿಲ್ಲ ಅಲ್ಲೇನಮ್ಮಾ?"

ಬಾಡಿಗೆ ಮನೆಯ ಬೀಗ ತೆಗೆಯುತ್ತಲೇ ಅನ್ನದಾನಮ್ಮ ಕೇಳಿದರು. ಪೇಟೆಯಲ್ಲಿ ಮನೆ ಹುಡುಕಿಕೊಂಡು ಬಂದವರನ್ನು ನೀವು ಯಾವ ಜಾತಿ ಎಂದು ಈಗ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮೊಟ್ಟೆಯ ವಿಷಯ ಕೇಳುತ್ತಾರೆ, ಅದರ ಬೆನ್ನಿಗೆ ಜಾತಿ ತಾನಾಗಿಯೇ ಹೊರಗೆ ಬರುತ್ತದೆ. ದ್ಯಾಮಕ್ಕ ಉತ್ತರ ಕೊಡುವ ಮೊದಲೇ ಅವಳ ತಮ್ಮ ಕನಕರಾಜ ಅಡ್ಡಬಂದ. "ಏ, ಅದರ ವಾಸನಿನೇ ಆಗಂಗಿಲ್ರಿ ನಮಗ."

ಅವನ ಪಾಡು ಅವನಿಗೆ. ಅಕ್ಕನ ಮಗಳು ಚಂದನಾ ಪರೀಕ್ಷೆ ಬರೆದು ಹರಪನಹಳ್ಳಿಯ ಸರ್ಕಾರಿ ಇಂಗ್ಲಿಷ್ ಶಾಲೆಯಲ್ಲಿ ಆರನೇ ತರಗತಿಗೆ ಸೀಟು ಗಿಟ್ಟಿಸಿದ್ದಳು. ಅವರೂರು ಚಿಗಟೇರಿಯಿಂದ ಹೊರಟ ಬಸ್ಸು ಇಲ್ಲಿ ತಲುಪುವ ಹೊತ್ತಿಗೆ ಮೊದಲ ಪಾಠ ಮುಗಿದಿರುತ್ತಿತ್ತು. ಅವಳಪ್ಪ ಕುರಿಹಿಂಡಿನ ಹಿಂದೆ ಊರೂರು ಅಲೆಯುವವನು. ತಾಯಿ ಮಗಳು ಇಲ್ಲೇ ಮನೆ ಮಾಡಬೇಕು, ಇಲ್ಲವೆಂದರೆ ಸೀಟು ಬಿಡಬೇಕು. ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ದುಡಿದು ಅಲ್ಲೇ ಮಲಗುವ ಕನಕರಾಜ ಒಂಬತ್ತು ಬಾಗಿಲು ಬಡಿದಿದ್ದ. ಒಂಬತ್ತರಲ್ಲೂ ಮೊದಲು ತತ್ತಿ, ಆಮೇಲೆ 'ನಿನ್ನೆನೇ ಬ್ಯಾರೇರಿಗೆ ಕೊಟ್ಬಿಟ್ವಿ ನೋಡಪ್ಪ.' ಇದು ಹತ್ತನೆಯದು. ಒಳಗೇ ನಲ್ಲಿ, ಒಳಗೇ ಪಾಯಿಖಾನೆ, ಹಿತ್ತಲ ಗೋಡೆಯಾಚೆ ಶಾಲೆ. ಗಂಟೆ ಹೊಡೆದ ಮೇಲೆ ಎದ್ದು ಹೋದರೂ ನಡೆಯುತ್ತಿತ್ತು.

ಅನ್ನದಾನಮ್ಮ ಕೆಟ್ಟವರೇನಲ್ಲ. ಚಂದನಾಳ ಕೈಗೆ ಕಲ್ಲುಸಕ್ಕರೆ ಕೊಟ್ಟು ತಲೆ ಸವರಿದರು. "ನಮ್ಮ ಮೊಮ್ಮಗಳು ಶಿವಗಂಗಾನೂ ಅದೇ ಕ್ಲಾಸು. ಇಬ್ಬರೂ ಕೂಡಿ ಹೋಗಿಬರ್ಲಿ. ಸಾಲ್ಯಾಗ ತತ್ತಿ ಕೊಡೋ ದಿನ ಆಕಿ ಬಾಳೆಹಣ್ಣು ತಗೊಂತಾಳ. ನಿಮ್ಮಾಕಿ?"

ಕನಕರಾಜ ಅಕ್ಕನ ಮಗಳ ತೋಳನ್ನು ಹಿಂದಿನಿಂದ ಮೆಲ್ಲಗೆ ಚಿವುಟಿದ.

"ಬಾಳೆಹಣ್ಣು," ಅಂದಳು ಹುಡುಗಿ. ಕೂತುಕೋ ಎಂದರೂ ಕೂತಿರಲಿಲ್ಲ. ಕಲ್ಲುಸಕ್ಕರೆ ಮುಷ್ಟಿಯಲ್ಲೇ ಇತ್ತು.

ದ್ಯಾಮಕ್ಕ ಮಗಳ ಮುಖವನ್ನೊಮ್ಮೆ ನೋಡಿದಳು. ದನಿ ಏರಿಸಲಿಲ್ಲ. "ನಾವು ಹಾಲುಮತದೋರು ರೀ ಅಮ್ಮಾರ. ಕುರಿ ಸಾಕ್ತೀವಿ, ತಿಂತೀವಿ. ನಿಮ್ಮ ಮನ್ಯಾಗ ಬೇಸಬ್ಯಾಡ ಅಂದ್ರ ಬೇಸಂಗಿಲ್ಲ, ಮನಿ ನಿಮ್ದು. ಆದ್ರ ಸಾಲಿ ತಾಟಿನಾಗ ಆಕಿಗೆ ಏನು ಬೇಕಂತ ಆಕೀನೇ ಹೇಳಬೇಕು. ಅದನ್ನ ಬಾಡಿಗಿ ಜೋಡಿ ಸೇರಿಸಬ್ಯಾಡ್ರಿ."

ಅನ್ನದಾನಮ್ಮ ಕೈಯಲ್ಲಿದ್ದ ಬೀಗವನ್ನು ತಿರುವುತ್ತ ನಿಂತರು. "ನಂದೇನಿಲ್ಲಮ್ಮಾ. ಓಣ್ಯಾಗಿನೋರು ಒಂದಕ್ಕ ಎರಡು ಮಾತಾಡ್ತಾರ."

ಓಣಿ ದಾಟುವತನಕ ತಡೆದುಕೊಂಡ ಕನಕರಾಜ ಆಮೇಲೆ ಸಿಡಿದ. "ಒಂದು ಬಾಳೆಹಣ್ಣಿಗೆ ಮನಿ ಕಳಕೊಂಡ್ಯಲ್ಲ ಯಕ್ಕಾ. ನಿನ್ನ ಖರೇತನಕ್ಕ ಬಾಗಿಲಿಲ್ಲ, ಕಿಟಕಿಲ್ಲ. ಅದರಾಗ ಹೆಂಗ ಇರ್ತಿ?"

"ಬೈಯಿ. ಬೈಕೊಂತ ನಡಿ. ಇನ್ನೊಂದು ಐತಿ ಅಂದಿದ್ದಿ."

"ಅದು ಮನಿಯೇನು? ಇಟ್ಟಂಗಿ ಅಂಗಡಿ ಹಿಂದ ಒಂದು ತಗಡಿನ ಖೋಲಿ. ಸಾಲಿಗೆ ಎರಡು ಮೈಲಿ."

"ಈಕಿನ್ನ ಹಡದು ತಿಂಗಳಾಗಿದ್ದಿಲ್ಲ, ಬೆನ್ನಿಗೆ ಕಟಿಗೊಂಡು ಕುರಿ ಜೋಡಿ ತೆಲಿಗಿತನಕ ನಡದಾಕಿ ನಾನು. ಎರಡು ಮೈಲಿ ಅಂತ ನನ್ನ ಮುಂದ ಹೇಳ್ತಾನ."

ಇಟ್ಟಿಗೆ ಅಂಗಡಿಯ ಜಂಬಣ್ಣ ಖೋಲಿಯ ಕದ ತೆರೆದು ತೋರಿಸಿದ. "ಬ್ಯಾಸಗಿಗೆ ಕಾಯ್ತೈತಿ, ಸುಳ್ಳು ಹೇಳಂಗಿಲ್ಲ. ನೀರು ಬೀದಿ ನಳದ್ದು." ತಾನಾಗಿ ಏನೂ ಕೇಳಲಿಲ್ಲ. ಹತ್ತು ಮನೆಯ ಪಾಠ ಬಾಯಿಪಾಠವಾಗಿದ್ದ ಕನಕರಾಜನೇ ತಡವರಿಸಿದ: "ಮತ್ತ ಈ ತತ್ತಿ ಗಿತ್ತಿ..."

"ನಮ್ಮ ಕೋಳಿ ಹೋಗಿ ನಿಮ್ಮ ಖೋಲ್ಯಾಗ ಇಟ್ರ ನಮಗ ತಂದು ಕೊಡ್ರಪ್ಪ ಮತ್ತ. ತಿಂದು ಸುಮ್ಮನ ಕುಂದ್ರಬ್ಯಾಡ್ರಿ."

ದ್ಯಾಮಕ್ಕ ನಕ್ಕಳು. ಆದರೆ ಖೋಲಿಗೆ ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಮಗಳ ಕೈಗೆ ಚೀಲ ಕೊಟ್ಟು ಖೋಲಿಯೊಳಗೆ ಕಳಿಸಿ, ತಾನು ಅಂಗಳದ ಇಟ್ಟಿಗೆ ಗುಡ್ಡೆಯ ಮೇಲೆ ಕೂತು ಸಂಚಿ ಬಿಚ್ಚಿದಳು. ಎಲೆಗೆ ಸುಣ್ಣ ಹಚ್ಚುತ್ತ ದಾರಿಯಲ್ಲಿ ನಾಯಿ ಎಷ್ಟು, ಸಾರಾಯಿ ಅಂಗಡಿ ಎಲ್ಲಿ, ಸಂಜೆ ಬೀದಿ ದೀಪ ಉರಿಯುತ್ತದೋ ಇಲ್ಲವೋ ಎಂದು ಒಂದೊಂದಾಗಿ ಕೇಳಿದಳು. ಅರ್ಧ ತಾಸಾಯಿತು. ಗ್ಯಾರೇಜಿನಿಂದ ಎರಡು ಸಲ ಫೋನು ಬಂತು. ಅಕ್ಕ ಏಳುವ ಹಾಗೆ ಕಾಣಲಿಲ್ಲ. ತಾಳ್ಮೆ ಕೆಟ್ಟ ಕನಕರಾಜ ಹುಡುಗಿಯನ್ನಾದರೂ ಕರೆದುಕೊಂಡು ಬರೋಣವೆಂದು ಖೋಲಿಯತ್ತ ನಡೆದ.

ಬಾಗಿಲಲ್ಲೇ ನಿಂತುಬಿಟ್ಟ. ಚಪ್ಪಲಿ ಕಳಚಿ, ಬರಿ ನೆಲದ ಮೇಲೆ ಕಾಲು ಮಡಚಿಕೊಂಡು, ಚೀಲಕ್ಕೆ ಕೆನ್ನೆಯಿಟ್ಟು ಚಂದನಾ ನಿದ್ದೆಹೋಗಿದ್ದಳು. ಅವಳ ಒಂದು ಕೆನ್ನೆ ಕಲ್ಲುಸಕ್ಕರೆಯಿಂದ ಉಬ್ಬಿತ್ತು.

ತಿರುಗಿ ಅಕ್ಕನನ್ನು ನೋಡಿದ. ಅವಳು ಎಲೆ ಮೆಲ್ಲುತ್ತ ಇತ್ತಲೇ ನೋಡುತ್ತಿದ್ದಳು. ಅವನಿಗೆ ಅವ್ವ ನೆನಪಾದಳು. ಹೊಸ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುವ ಮೊದಲು ಅವ್ವ ಬರೀ ಮರಿಗಳನ್ನು ಬೇಲಿಯೊಳಗೆ ಬಿಟ್ಟು ಹೊರಗೆ ಹೀಗೇ ಕೂರುತ್ತಿದ್ದಳು. ಮರಿಗಳು ಮಲಗಿ ಮೆಲುಕು ಹಾಕಿದರೆ ಗೂಟ ಬಡಿಯುವುದು. ನಿಂತೇ ಇದ್ದರೆ ಹೊಲದ ಗೌಡ ಎಷ್ಟು ಅಂಗಲಾಚಿದರೂ ಮುಂದಿನ ಹೊಲಕ್ಕೆ. ಅವ್ವ ಕೂತಿರುವಾಗ ಅಪ್ಪನೂ ಬಾಯಿ ತೆರೆಯುತ್ತಿರಲಿಲ್ಲ. ಹತ್ತು ಮನೆಗಳ ನಲ್ಲಿ ತಿರುವಿ ನೋಡಿದ್ದ ಕನಕರಾಜನಿಗೆ ಇದೊಂದು ಹೊಳೆದೇ ಇರಲಿಲ್ಲ. ಊರು ಬಿಟ್ಟರೂ ಅಕ್ಕ ಅದನ್ನು ಬಿಟ್ಟು ಬಂದಿರಲಿಲ್ಲ.

"ಏನಂತೀರಿ ತಂಗಿ, ಆಗ್ತೈತೇನು ಖೋಲಿ?" ಜಂಬಣ್ಣ ಅಂಗಳದಿಂದ ಕೂಗಿ ಕೇಳಿದ.

ಕನಕರಾಜ ಕದವನ್ನು ಅರ್ಧ ಮುಂದೆಳೆದು, ತುಟಿಗೆ ಬೆರಳಿಟ್ಟುಕೊಂಡ.

"ಸಣ್ಣಗ ಮಾತಾಡ್ರಿ ಅಣ್ಣಾರ. ಮಲಗ್ಯಾಳ."