ನಾಲ್ಕನೇ ಹಾಡಿನ ಗೆರೆ

ಪ್ರೆಸ್ಸಿನಿಂದ ಬಂದ ಕಟ್ಟು ಬಿಚ್ಚಿ, ಮೇಲಿನ ಕವರನ್ನು ಹೆಂಡತಿಯ ಕೈಗಿಟ್ಟು, ಡಿಸೈನರ್ ಅವಳ ಮುಖವನ್ನೇ ನೋಡುತ್ತ ನಿಂತ. ಗಾಢ ನೀಲಿಯ ಮೇಲೆ, ಕೆಳಗಿನ ಅಂಚಿನಿಂದ ಏಳುವ ಒಂದೇ ಒಂದು ಹಳದಿ ಗೆರೆ. ಮುಕ್ಕಾಲು ದಾರಿಯಲ್ಲಿ ಅದು ನಡುಗಿ, ತುಂಡಾಗಿ, ಎರಡು ಬೆರಳಿನಷ್ಟು ಜಾಗ ಖಾಲಿ ಬಿಟ್ಟು ಮತ್ತೆ ಶುರುವಾಗುತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಅವಳ ಹೆಸರು. ನಲವತ್ತಾರನೇ ವಯಸ್ಸಿನಲ್ಲಿ ಹೊರಬರುತ್ತಿದ್ದ ಅವಳ ಮೊದಲ ಆಲ್ಬಮ್. ಸಂಜೆ ಆರಕ್ಕೆ ಬಿಡುಗಡೆ.

“ತುಂಬಾ ಚೆನ್ನಾಗಿದೆ ರೀ,” ಎಂದಳು. ಕಣ್ಣು ಒದ್ದೆಯಾಗಿತ್ತು. “ಆದ್ರೆ ಗೆರೆ ಯಾಕೆ ಇಲ್ಲಿ ಕಡಿದುಹೋಗಿದೆ?”

ಇದೊಂದು ಪ್ರಶ್ನೆಗಾಗಿಯೇ ಅವನು ಬೆಳಗಿನಿಂದ ಕಾದಿದ್ದ. ಹಾಡು ಕೇಳದೆ ತಾನು ಗೆರೆ ಎಳೆಯುವವನಲ್ಲ ಎಂಬುದು ಅವನ ಜಂಬ. ಬೇರೆಯವರು ಬಣ್ಣದ ಪುಸ್ತಕ ತಿರುವಿಹಾಕುತ್ತ ಕೂತರೆ, ಇವನು ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ, ದನಿ ಏರಿದಂತೆ ಪೆನ್ಸಿಲ್ ಏರಿಸುತ್ತ, ಇಳಿದಂತೆ ಇಳಿಸುತ್ತ ಹೋಗುತ್ತಿದ್ದ. ಆಮೇಲೆ ಆ ಗೆರೆಯೇ ಪೋಸ್ಟರು, ಆ ಗೆರೆಯೇ ಕವರು. ಕೆಟ್ಟ ಹಾಡಿಗೂ ಒಳ್ಳೇ ಗೆರೆ ಹುಟ್ಟಿಸುವ ಪುಣ್ಯಾತ್ಮ ಎಂದು ಗೆಳೆಯರು ಅವನ ಕಾಲೆಳೆಯುವುದಿತ್ತು.

“ನಾಲ್ಕನೇ ಹಾಡು,” ಎಂದ. “ಎರಡನೇ ಚರಣದಲ್ಲಿ ನಿನ್ನ ದನಿ ಒಡೆಯುತ್ತಲ್ಲ, ಅದು. ನಲವತ್ತು ಸಲ ಕೇಳಿದೀನಿ. ಮೊದಲ್ನೇ ಸಲ ಮೈಯೆಲ್ಲ ಜುಮ್ ಅಂತು. ಇಷ್ಟು ವರ್ಷದಲ್ಲಿ ನೀನು ಹೀಗೆ ಹಾಡಿದ್ದೇ ಇಲ್ಲ ಕಣೇ.”

“ನನ್ನ ದನಿ ಅಲ್ಲಿ ಒಡೆಯಲ್ವಲ್ಲ.”

“ಹಾಡೋರಿಗೆ ಅದೆಲ್ಲ ಗೊತ್ತಾಗಲ್ಲ. ಕೇಳೋರಿಗೆ ಗೊತ್ತಾಗುತ್ತೆ.”

“ಎಲ್ಲಿ, ಹಾಕಿ ನೋಡೋಣ.”

ಅವನು ಠೀವಿಯಿಂದಲೇ ಹಾಕಿದ. ಪಲ್ಲವಿಯ ಎರಡನೇ ಸಾಲು ಮುಗಿಯುವುದರೊಳಗೆ ಅವಳ ಮುಖ ಬಿಳಿಚಿಕೊಂಡಿತು. ಚರಣ ಬಂತು, ದನಿ ಒಡೆಯಿತು, ಅವನು “ಇಲ್ಲೇ, ಇಲ್ಲೇ!” ಎಂದು ಬೆರಳೆತ್ತಿದ. ಅವಳು ಕೈಚಾಚಿ ಹಾಡು ನಿಲ್ಲಿಸಿದಳು.

“ರೀ, ಇದು ನಾನಲ್ಲ.”

ತಮಾಷೆ ಎಂದುಕೊಂಡು ಅವನು ನಕ್ಕ. ಅವಳು ನಗಲಿಲ್ಲ. ರೆಕಾರ್ಡಿಂಗ್ ಮಾಡಿದ ಎಂಜಿನಿಯರಿಗೆ ತಾನೇ ಫೋನ್ ಹಚ್ಚಿ, ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ಇವರಿಗೆ ಕಳಿಸಿದ ನಾಲ್ಕನೇ ಹಾಡಿನಲ್ಲಿರುವುದು ಯಾರ ದನಿ ಎಂದು ಕೇಳಿದಳು.

“ಅಯ್ಯಯ್ಯೋ ಸಾರ್!” ಎಂದು ಎಂಜಿನಿಯರ್ ಆ ಕಡೆ ಹೌಹಾರಿದ. “ಅದು ಮೇಡಂ ಕಲಿಯೋಕೆ ಅಂತ ಮೊದ್ಲು ಒಂದು ಹುಡುಗಿ ಕೈಲಿ ಹಾಡಿಸಿದ್ದು. ಅವತ್ತು ಅವಳಿಗೆ ನೆಗಡಿ, ಗಂಟಲು ಕಟ್ಟಿತ್ತು. ಅದನ್ನೇ ನಿಮಗೆ ಕಳಿಸ್ಬಿಟ್ಟಿದೀನಿ. ಆಲ್ಬಮ್‌ನಲ್ಲಿರೋದು ಮೇಡಂದೇ ಸಾರ್, ಗಾಬರಿ ಆಗ್ಬೇಡಿ.” ಸ್ವಲ್ಪ ತಡೆದು, “ಆದ್ರೆ ಕಳಿಸಿ ತಿಂಗಳಾಯ್ತಲ್ಲ ಸಾರ್, ನೀವು ಕೇಳಿದ್ರೂನೂ…” ಎಂದವನು ಉಳಿದ ಮಾತು ನುಂಗಿಕೊಂಡ.

ಡಿಸೈನರ್ ಫೋನ್ ಕಟ್ ಮಾಡಿದ. ಇಪ್ಪತ್ತೊಂದು ವರ್ಷ ಒಂದೇ ಮನೆಯಲ್ಲಿ ಕೇಳಿದ ದನಿ. ನೆಗಡಿಯಾದ ಯಾವುದೋ ಹುಡುಗಿಯ ಗಂಟಲಿಗೆ ಮೈ ಜುಮ್ಮೆನ್ನಿಸಿಕೊಂಡು, ಅದರ ಕೆಳಗೆ ಹೆಂಡತಿಯ ಹೆಸರು ಬರೆದಿದ್ದ. ನಾಚಿಕೆಗಿಂತ ಅವನಿಗೆ ಭಯವೇ ಹೆಚ್ಚಾಯಿತು.

“ಬೇರೆ ಮಾಡ್ತೀನಿ,” ಎಂದು ತೊದಲಿದ. “ಬಿಡುಗಡೆ ಮುಂದಕ್ಕೆ ಹಾಕೋಣ. ನಿನ್ನ ಹಾಡು ಈಗ್ಲೇ ತರಿಸ್ತೀನಿ, ಕೂತು ಕೇಳ್ತೀನಿ, ಹೊಸದಾಗಿ…”

“ಯಾಕೆ? ಕವರ್ ಚೆನ್ನಾಗೇ ಇದೆ.” ಅವಳು ಅದನ್ನು ಅಂಚು ಸರಿಮಾಡಿ ಕಟ್ಟಿನೊಳಗೆ ಇಟ್ಟಳು. ಬಾಯಿಗೆ ಬಂದಂತೆ ಬೈದಿದ್ದರೂ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. “ನನ್ನ ಹಾಡು ಎಲ್ಲಿಂದಲೋ ತರಿಸೋದೂ ಬೇಕಿರ್ಲಿಲ್ಲ ರೀ. ನೀವು ಈ ಗೆರೆ ಎಳೀತಾ ಕೂತಿದ್ದ ದಿನ, ಪಕ್ಕದ ರೂಮಲ್ಲಿ ನಾನು ಇದೇ ಹಾಡು ಅಭ್ಯಾಸ ಮಾಡ್ತಿದ್ದೆ, ಇವತ್ತು ಸಂಜೆ ಬಿಡುಗಡೇಲಿ ಹಾಡೋಕೆ ಅಂತ. ನೀವು ಹೆಡ್‌ಫೋನ್ ತೆಗೆದು ಎದ್ದು ಬಂದ್ರಿ. ಕೇಳೋಕೆ ಬಂದ್ರೇನೋ ಅಂತ ನಾನು ಇನ್ನೂ ಮನಸಿಟ್ಟು ಹಾಡಿದೆ. ನೀವು ನನ್ನ ರೂಮಿನ ಬಾಗಿಲು ಹಾಕ್ಕೊಂಡು ಹೋದ್ರಿ.”